ಮೊದಲ ಪುಟದ ಭೈರವಿ

ನನ್ನ ಬರೆಯುವ ಮೇಜಿನ ಮೇಲೆ ಅಂಗೈಯಗಲದ ಒಂದು ಮರದ ತುಂಡಿದೆ. ಕಿಟಕಿಯ ಗಾಳಿಗೆ ಕಾಗದ ಹಾರದಿರಲಿ ಎಂದು ಅದನ್ನು ಮೇಲಿಡುತ್ತೇನೆ. ಮನೆಗೆ ಹೊಸಬರು ಯಾರಾದರೂ ಬಂದರೆ ಅದನ್ನು ಎತ್ತಿ, ತಿರುವಿ, ತಳಕ್ಕೆ ಬಡಿದಿರುವ ಸತುವಿನ ತಗಡು ನೋಡಿ ಇದೇನೆಂದು ಕೇಳುತ್ತಾರೆ. ಬೆಳಕಿಗೆ ಸ್ವಲ್ಪ ಓರೆಯಾಗಿ ಹಿಡಿದರೆ ಅದರಲ್ಲಿ ತಂಬೂರಿ ಹಿಡಿದು ಕೂತ ಒಬ್ಬ ಮುದುಕಿ ಕಾಣುತ್ತಾರೆ. ಅದು ಅಚ್ಚಿನ ಬ್ಲಾಕು; ಎಡಬಲ ಅದಲುಬದಲು. ಹಾಗಾಗಿ ಆಕೆ ಎಡಗೈಯಲ್ಲಿ ತಂಬೂರಿ ಮೀಟುತ್ತಿರುವಂತೆ ತೋರುತ್ತದೆ. ನಮ್ಮ ಮನೆಯಾಕೆಗೆ ಬಹಳ ವರ್ಷಗಳಿಂದ ಇದರ ಮೇಲೆ ಕಣ್ಣು. ಬಚ್ಚಲೊಲೆಗೆ ಹಾಕಿದರೆ ಒಂದು ತಂಬಿಗೆ ನೀರಾದರೂ ಕಾದೀತು ಎಂಬುದು ಆಕೆಯ ವಾದ. ನಾನು ಬಿಟ್ಟುಕೊಟ್ಟಿಲ್ಲ. ಹಿಡಿದದ್ದನ್ನು ಬಿಡದಿರುವುದು ನನ್ನ ಹುಟ್ಟುಗುಣ. ಅದರಿಂದ ಫಜೀತಿಯಾದದ್ದೇ ಹೆಚ್ಚು. ಒಂದೇ ಒಂದು ಸಲ ಒಳ್ಳೆಯದಾಗಿದೆ, ಅದನ್ನು ಹೇಳುತ್ತೇನೆ.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಹುಬ್ಬಳ್ಳಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ದೇಶಪಾಂಡೆ ನಗರದ ಎರಡು ಕೋಣೆಯ ಮನೆಯಲ್ಲಿ ನಾನು, ನನ್ನ ಅವ್ವ. ವಾರವಿಡೀ ಹುಡುಗರಿಂದ ಹೂಜಿ, ಬಾಳೆಹಣ್ಣು, ಮತ್ತೆ ಹೂಜಿ ಬರೆಸುವುದು. ರವಿವಾರ ಬೆಳಿಗ್ಗೆ ಸೈಕಲ್ ಹತ್ತಿ ಧಾರವಾಡದ ದಾರಿ ಹಿಡಿಯುವುದು. ಧಾರವಾಡ ಮುಟ್ಟುವ ಮೊದಲೇ, ಲಕಮನಹಳ್ಳಿಯ ಅಂಚಿನ ಒಂದು ಸಣ್ಣ ಹೆಂಚಿನ ಮನೆಯಲ್ಲಿ ತುಂಗಾಬಾಯಿ ಇರುತ್ತಿದ್ದರು. ನನ್ನ ಗಾಯನದ ಗುರುಗಳು. ನನ್ನ ಸೈಕಲ್ಲಿನ ಚೈನು ಬೈರಿದೇವರಕೊಪ್ಪ ಬಂದ ಕೂಡಲೇ ತಪ್ಪದೆ ಬೀಳುತ್ತಿತ್ತು. ಕೈಗೆಲ್ಲ ಕರಿ ಎಣ್ಣೆ ಬಳಿದುಕೊಂಡು ನಾನು ಅಂಗಳದಲ್ಲಿ ನಿಂತರೆ, ಅವರು ಒಂದು ಹಿಡಿ ಬೂದಿಯನ್ನೂ ಒಂದು ಚೆರಿಗೆ ನೀರನ್ನೂ ಇಡುತ್ತಿದ್ದರು. ತಂಬೂರಿ ಮುಟ್ಟುವ ಕೈ ಸ್ವಚ್ಛ ಇರಬೇಕು ಎನ್ನುವುದು ಅಲ್ಲಿಯ ಮೊದಲ ಪಾಠ. ಅದೊಂದನ್ನು ನಾನು ಚೆನ್ನಾಗಿ ಕಲಿತೆ.

ಉಳಿದ ಪಾಠಗಳ ವಿಷಯ ಹಾಗೆ ಹೇಳುವಂತಿಲ್ಲ. ಮೂರು ವರ್ಷ ಹಟ ಹಿಡಿದು ಹಾಡಿದೆ. ನಾನು ಷಡ್ಜ ಹಿಡಿದರೆ ಹಿತ್ತಲಿನ ಆಡು ಉತ್ತರ ಕೊಡುತ್ತಿತ್ತು. ಮೂರನೆಯ ವರ್ಷದ ಕೊನೆಯಲ್ಲಿ ತುಂಗಾಬಾಯಿ ನನ್ನನ್ನು ಹತ್ತಿರ ಕೂಡಿಸಿಕೊಂಡು ಬಹಳ ಮೆತ್ತಗೆ ಹೇಳಿದರು: "ನಿನ್ನ ಕಿವಿ ಭಾಳ ಛಲೋ ಐತಿ ತಮ್ಮಾ. ಗಂಟಲಕ್ಕ ಸೂಟಿ ಕೊಡು."

ಅವತ್ತಿನಿಂದ ನನ್ನ ಗಂಟಲಿಗೆ ಸಿಕ್ಕ ರಜೆ ಇವತ್ತಿಗೂ ಮುಗಿದಿಲ್ಲ. ಆದರೆ ಹೋಗುವುದನ್ನು ನಾನು ಬಿಡಲಿಲ್ಲ. ಅವರು ಎಲ್ಲಿ ಹಾಡಿದರೂ ಹಿಂದೆ ಕೂತು ತಂಬೂರಿ ಮೀಟುವ ಕೆಲಸ ನನ್ನದಾಯಿತು. ಸಂಗೀತಕ್ಕೆ ಹಾಡಿ ಉಪಕಾರ ಮಾಡಲಾಗದಿದ್ದರೆ ಏನಂತೆ, ಕೈಯಲ್ಲಿ ಕುಂಚವಿದೆಯಲ್ಲ, ಒಂದು ಸಂಗೀತ ಪತ್ರಿಕೆಯನ್ನೇ ತಂದುಬಿಡೋಣ ಎಂಬ ಹುಳ ತಲೆಯನ್ನು ಹೊಕ್ಕದ್ದು ಆಗಲೇ.

ಪತ್ರಿಕೆಗಳ ಹುಚ್ಚು ನನಗೆ ಸಣ್ಣಂದಿನಿಂದ. ನಮ್ಮ ಹಳೆಯ ಮನೆಯ ಅಡುಗೆಕೋಣೆಯ ಗೋಡೆ ಮಸಿ ಹಿಡಿದು ಕಪ್ಪಾದಾಗೆಲ್ಲ ಅವ್ವ ಅನ್ನದ ಗಂಜಿ ಕಾಯಿಸಿ, ಹಳೆಯ ಮಾಸಪತ್ರಿಕೆಗಳ ಮುಖಪುಟ ಹಚ್ಚುತ್ತಿದ್ದಳು. ನಾನು ಊಟ ಮಾಡುತ್ತಿದ್ದದ್ದು ಅವುಗಳನ್ನು ನೋಡುತ್ತ. ಒಂದು ಮೂಲೆಯಲ್ಲಿ ವೀಣೆ ಹಿಡಿದ ಸರಸ್ವತಿ, ಅವಳ ಕಿವಿಯ ಹತ್ತಿರ ತಲೆನೋವಿನ ಮುಲಾಮು. ಗಂಜಿಯ ರುಚಿಗೆ ಜಿರಳೆಗಳು ಬಂದು ಸರಸ್ವತಿಯ ಹಂಸವನ್ನು ಅರ್ಧ ತಿಂದಿದ್ದವು. ಇನ್ನು ಅವ್ವ ಯಾವ ಪತ್ರಿಕೆಯನ್ನಾದರೂ ಓದುತ್ತಿದ್ದದ್ದು ಹಿಂದಿನಿಂದ ಮುಂದಕ್ಕೆ. ಅಡುಗೆ, ನಗೆಹನಿ, ರಾಶಿಭವಿಷ್ಯ ಎಲ್ಲ ಹಿಂದೆಯೇ ಇರುತ್ತವೆ, ಮುಂದಿನದೆಲ್ಲ ಗಂಡಸರ ಭಾಷಣ ಎನ್ನುತ್ತಿದ್ದಳು. ಈ ಮಾತನ್ನು ನಾನು ಆಗಲೇ ತಲೆಗೆ ಹಾಕಿಕೊಂಡಿದ್ದರೆ ಮುಂದೆ ನಡೆದ ಅನಾಹುತ ತಪ್ಪುತ್ತಿತ್ತೇನೋ.

ಧಾರವಾಡದಲ್ಲಿ ಒಂದು ಸಂಗೀತ ಮಂಡಳಿಯಿತ್ತು. ವರ್ಷಕ್ಕೊಮ್ಮೆ ರವಿವಾರ ಬೆಳಿಗ್ಗೆ ಬೈಠಕು, ಅಂದರೆ ಗಾಯನದ ಕೂಟ, ನಡೆಸಿ, ಕೇಳಲು ಬಂದವರಿಗೆಲ್ಲ ಊಟ ಹಾಕುತ್ತಿದ್ದರು. ಅದರ ಕಾರ್ಯದರ್ಶಿ ಒಬ್ಬ ವಕೀಲರು, ಪದ್ಧತಿಯ ಮನುಷ್ಯ. ಅವರ ಮನೆಗೆ ಆರು ಸಲ ಎಡತಾಕಿದ ಮೇಲೆ, ಈ ವರ್ಷದ ಬೈಠಕಿಗೆ ಹದಿನಾರು ಪುಟದ ಪತ್ರಿಕೆಯೊಂದನ್ನು ಹೊರತರಲು ಒಪ್ಪಿದರು. ಅಚ್ಚಿಗೆ ಹೋಗುವ ಮೊದಲು ತಾವು ಪುಟಪುಟವನ್ನೂ ನೋಡಿ ಸಹಿ ಹಾಕಬೇಕೆಂಬುದು ಅವರ ಕರಾರು. ಹೆಸರು ಇಡುವ ಕೆಲಸ ನನಗೇ ಬಿಟ್ಟರು. 'ತಂಬೂರಿ' ಎಂದಿಟ್ಟೆ. ಮೊದಲ ಅಕ್ಷರ 'ತ'ದ ಹೊಟ್ಟೆಯನ್ನೇ ತಂಬೂರಿಯ ಬುರುಡೆ ಮಾಡಿ ಬರೆದ ದಿನ, ಜಗತ್ತಿನಲ್ಲಿ ಇಂಥದ್ದನ್ನು ಯಾರೂ ಮಾಡಿರಲಾರರೆಂದು ನನಗೆ ಖಾತ್ರಿಯಿತ್ತು.

ಆದರೆ ಸಂಗೀತ ಪತ್ರಿಕೆ ಎಂದರೆ ಹೇಗಿರಬೇಕು? ನಾನು ಮಾಸ್ತರ, ಅಭ್ಯಾಸ ಮಾಡದೆ ಏನೂ ಮಾಡುವವನಲ್ಲ. ಹುಬ್ಬಳ್ಳಿಯ ರದ್ದಿ ಅಂಗಡಿಯಲ್ಲಿ ಕೂತು, ಮುಂಬಯಿ, ಪುಣೆಗಳಿಂದ ಬಂದು ಮುದಿಯಾದ ಸಂಗೀತದ ಸಂಚಿಕೆಗಳನ್ನು ಹೊತ್ತು ತಂದೆ. ನೋಡುತ್ತ ಹೋದ ಹಾಗೆ ಅವೆಲ್ಲ ಒಂದೇ ಅವ್ವನ ಮಕ್ಕಳು ಎಂದು ಗೊತ್ತಾಯಿತು. ಮುಖಪುಟಕ್ಕೆ ವಾದ್ಯ, ಇಲ್ಲವೇ ಕಮಲ. ತೆರೆದ ಕೂಡಲೇ, ಮೊದಲ ಪುಟದಲ್ಲಿ, ಎಲ್ಲರಿಗಿಂತ ಹಿರಿಯರಾದವರ ದೊಡ್ಡ ಫೋಟೊ, ಶಾಲು ಹೊದ್ದದ್ದು. ಅದರ ಹಿಂದೆಯೇ ಸಂಪಾದಕರ ಮಾತು. ಅದರಲ್ಲಿ ಈಗಿನವರಿಗೆ ನಿಜವಾದ ಸಂಗೀತ ಬೇಡವಾಗಿದೆ ಎಂಬ ಗೋಳು ಇರಲೇಬೇಕು. ನಟ್ಟನಡುವಿನ ಜೋಡಿ ಪುಟ ಹೊರಗಿನಿಂದ ಬಂದ ಅತಿಥಿಗೆ. ಆಮೇಲೆ ಓದುಗರ ಪತ್ರ. ಕಟ್ಟಕಡೆಯ ಪುಟ ಜಾಹೀರಾತಿಗೆ. ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಚಾಚೂ ತಪ್ಪದೆ ಪಾಲಿಸಿದೆ. ಮೊದಲ ಸಂಚಿಕೆಗೆ ಓದುಗರ ಪತ್ರ ಎಲ್ಲಿಂದ ಬರಬೇಕು? 'ನಿಮ್ಮ ಕಾಯಂ ಓದುಗ' ಎಂದು ಸಹಿ ಮಾಡಿ ಅದನ್ನೂ ನಾನೇ ಬರೆದೆ. ಸಂಪಾದಕರನ್ನು ಬಹಳ ಹೊಗಳಿದ್ದೆ.

ಮೊದಲ ಪುಟ ಯಾರಿಗೆ ಎಂಬ ಪ್ರಶ್ನೆಯೇ ನನ್ನ ಮನಸ್ಸಿನಲ್ಲಿ ಏಳಲಿಲ್ಲ. ಬೈಠಕಿನಲ್ಲಿ ಮೂವರು ಹಾಡುವವರಿದ್ದರು: ಊರಿನ ಒಬ್ಬ ತರುಣ, ಸೊಲ್ಲಾಪುರದಿಂದ ಬರುವ ಐವತ್ತು ದಾಟಿದ ಗಾಯಕರು, ಮತ್ತೆ ತುಂಗಾಬಾಯಿ. ತುಂಗಾಬಾಯಿಗೆ ಎಪ್ಪತ್ತಾಗಿತ್ತು. ಅವರ ಫೋಟೊ ಯಾವ ಪತ್ರಿಕೆಯಲ್ಲೂ ಬಂದದ್ದಿಲ್ಲ. ಮುಂಬಯಿಗೆ ಫೋಟೊ ಕಳಿಸಿ ಬ್ಲಾಕು ಮಾಡಿಸಿದೆ. ಪುಟದ ಕೆಳಗೆ ಹಾಕಲು ಒಂದು ಬಂದಿಶ್, ಸ್ವರಸಮೇತ ಒಂದು ಹಾಡು, ಕೊಡಿರೆಂದು ಕೇಳಿದಾಗ, ಅವರು ಭೈರವಿ ರಾಗದ್ದೊಂದನ್ನು ಹೇಳಿ ಬರೆಸಿದರು. ತಮ್ಮ ಗುರುಗಳು ಕೊಟ್ಟದ್ದು ಎಂದರು. ನಾನು ಅದನ್ನು ಆ ಮೊದಲು ಕೇಳಿರಲಿಲ್ಲ. ಯಾಕೆ ಕೇಳಿರಲಿಲ್ಲ ಎಂದು ಯೋಚಿಸುವ ಬುದ್ಧಿಯೂ ಬರಲಿಲ್ಲ.

ಅಚ್ಚಿನ ಕೆಲಸ ಹುಬ್ಬಳ್ಳಿಯ ಒಂದು ಓಣಿಯ ಪ್ರೆಸ್ಸಿನಲ್ಲಿ. ಅಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದವರು ಹುಸೇನಸಾಬರು. ಕನ್ನಡ, ಮರಾಠಿ, ಉರ್ದು ಮೂರೂ ಬಲ್ಲವರು, ತಾಳ ಹಾಕದೆ ಹಾಡು ಕೇಳಲಾರದವರು. ಸ್ವರಲಿಪಿಯಲ್ಲಿ ಮೇಲಿನ ಸಪ್ತಕಕ್ಕೆ ಅಕ್ಷರದ ಮೇಲೆ ಚುಕ್ಕಿ, ಕೆಳಗಿನದಕ್ಕೆ ಕೆಳಗೆ ಚುಕ್ಕಿ ಬೇಕಲ್ಲ, ಅಂಥ ಮೊಳೆಗಳು ಅವರಲ್ಲಿರಲಿಲ್ಲ. ಅವರು ಪೂರ್ಣವಿರಾಮದ ಮೊಳೆಗಳನ್ನು ಕಾನಸಿನಿಂದ ಉಜ್ಜಿ ಕುಳ್ಳು ಮಾಡಿ, ಚಿಮಟದಿಂದ ಒಂದೊಂದನ್ನೇ ಅಕ್ಷರದ ನೆತ್ತಿಯ ಮೇಲೆ ಕೂಡಿಸಿದರು. ಭೈರವಿಯ ಆ ಒಂದು ಪುಟಕ್ಕೆ ಎರಡು ದಿನ ಹಿಡಿಯಿತು.

ಬೈಠಕಿಗೆ ಒಂದು ವಾರ ಉಳಿದಿತ್ತು. ಪ್ರೂಫ್ ಹಿಡಿದುಕೊಂಡು ಲಕಮನಹಳ್ಳಿಗೆ ಹೋದ ಆ ರವಿವಾರ ಸೈಕಲ್ಲಿನ ಚೈನು ಕೂಡ ಬೀಳಲಿಲ್ಲ. ತುಂಗಾಬಾಯಿ ಕನ್ನಡಕ ಹಾಕಿಕೊಂಡು ಫೋಟೊ ನೋಡಿದರು, ಮುಖ ಅರಳಿತು. ಸ್ವರಗಳ ಮೇಲೆ ಬೆರಳಿಟ್ಟು ತುಟಿಯಲ್ಲೇ ಹಾಡಿಕೊಂಡು ಹೋದರು. ಆಮೇಲೆ ತಲೆಯೆತ್ತಿ, ಇದು ಎಷ್ಟನೆಯ ಪುಟ ಎಂದು ಕೇಳಿದರು.

"ಮೊದಲನೇದ್ರಿ ಬಾಯಾರ. ಎಲ್ಲಾರಕ್ಕಿಂತ ಮುಂದ ನೀವ."

ನಾನು ಶಾಬಾಸ್‌ಗಿರಿಗೆ ಕಾಯುತ್ತಿದ್ದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು.

"ಐವತ್ತ ವರ್ಷ ಎಲ್ಲಾರಕ್ಕಿಂತ ಮುಂದ ನಾನ ಹಾಡೇನಿ ತಮ್ಮಾ. ಮಂದಿ ಬರೂದು, ಚಪ್ಪಲಿ ಬಿಡೂದು, ಜಾಗಾ ಹಿಡಿಯೂದು, ಅಷ್ಟರಾಗ ನನ್ನ ಹಾಡು ಮುಗೀತಿತ್ತು. ಚಪ್ಪಲಿ ಸಪ್ಪಳ ಕೇಳಕೋತನ ಹಾಡೇನಿ. ನೀ ನನ್ನ ಹಿಂದ ಕುಂತು ನೋಡೀದಿ. ಪುಸ್ತಕದಾಗೂ ನನ್ನ ಅಲ್ಲೇ ಕುಂಡ್ರಿಸಿದಿ?"

ನನಗೆ ಆಗ ಹೊಳೆಯಿತು. ಬೈಠಕಿನಲ್ಲಿ ಮೊದಲು ಹಾಡುವವರು ಕಿರಿಯರು. ಹಿರಿಯರದು ಕೊನೆಗೆ. ಅದು ನಮ್ಮ ಕಡೆಯ ಸಣ್ಣ ಮಕ್ಕಳಿಗೂ ಗೊತ್ತಿರುವ ವಿಷಯ. ತುಂಗಾಬಾಯಿ ಮಾತ್ರ ಹೆಣ್ಣುಮಗಳೆಂಬ ಒಂದೇ ಕಾರಣಕ್ಕೆ, ಕೂದಲು ಬೆಳ್ಳಗಾದ ಮೇಲೂ, ಮೊಮ್ಮಕ್ಕಳ ವಯಸ್ಸಿನ ಹುಡುಗರಿಗಿಂತ ಮೊದಲು ಹಾಡುತ್ತ ಬಂದಿದ್ದರು. ಹಿಂದೆ ಕೂತು ತಂಬೂರಿ ಮೀಟಿದವನು ನಾನೇ. ಪತ್ರಿಕೆಗಳ ಪದ್ಧತಿಯನ್ನು ನೋಟ್‌ಬುಕ್ಕಿಗೆ ಇಳಿಸುವ ಭರದಲ್ಲಿ ಬೈಠಕಿನ ಪದ್ಧತಿ ಮರೆತೇಬಿಟ್ಟಿದ್ದೆ.

ಅವರು ಇನ್ನೂ ಮುಗಿಸಿರಲಿಲ್ಲ. ಮೊದಲ ದಿನ ಬಂದ ಶಿಷ್ಯನನ್ನು ಕೇಳುವ ಹಾಗೆ, ಭೈರವಿ ಯಾವಾಗ ಹಾಡುತ್ತಾರೆ ಎಂದು ಕೇಳಿದರು. ಕೊನೆಗೆ ಎಂದೆ. ಯಾರು ಹಾಡುತ್ತಾರೆ ಎಂದರು. ಕೊನೆಯಲ್ಲಿ ಹಾಡುವವರು ಎಂದೆ. ಭೈರವಿ ಆಯಿತೆಂದರೆ ಬೈಠಕು ಮುಗಿಯಿತು, ಅದರ ಮೇಲೆ ಯಾರೂ ಹಾಡುವುದಿಲ್ಲ.

"ಗುರುಗಳು ಇದನ್ನ ಕೊಟ್ಟಾಗ ನನಗ ಹತ್ತೊಂಬತ್ತು. ಇವತ್ತಿನತನಕ ಒಂದ ಬೈಠಕಿನಾಗೂ ಹಾಡಿಲ್ಲ. ನನ್ನ ಪಾಳಿ ಬರಲೇ ಇಲ್ಲ. ಹಾಡೂದಂತೂ ಆಗಲಿಲ್ಲ, ಛಾಪಾ ಆಗಿಯಾರ ಉಳೀಲಿ ಅಂತ ನಿನಗ ಕೊಟ್ಟೆ. ನೀ ಒಯ್ದು ಮೊದಲನೇ ಪುಟಕ್ಕ ಹಚ್ಚಿದಿ. ತಗದಬಿಡು."

ಬೈದಿದ್ದರೆ ಚೆನ್ನಾಗಿತ್ತು. ಅವರು ಬೈಯಲಿಲ್ಲ, ಚಹಾ ಮಾಡಿ ಕೊಟ್ಟರು. ಹಿಂದಿರುಗುವಾಗ ಚೈನು ಬಿತ್ತು. ಬೈರಿದೇವರಕೊಪ್ಪದ ಹುಣಸೆಮರದ ಬುಡದಲ್ಲಿ ಕೂತು, ಕಪ್ಪಾದ ಕೈಗಳನ್ನು ನೋಡುತ್ತ, ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಅಲ್ಲಿಂದ ಏಳುವ ಹೊತ್ತಿಗೆ ಮಾತ್ರ ಒಂದು ನಿರ್ಧಾರ ಮಾಡಿದ್ದೆ. ಆ ಪುಟ ತೆಗೆಯುವುದಿಲ್ಲ. ಅದನ್ನು ಅದರ ಜಾಗಕ್ಕೆ ಒಯ್ದು ಇಡುತ್ತೇನೆ. ಪತ್ರಿಕೆಗಳ ಪದ್ಧತಿ ಗಾಳಿಗೆ ಹಾರಿಹೋಗಲಿ, ತುಂಗಾಬಾಯಿ ಕೊನೆಯ ಪುಟದಲ್ಲಿ ಬರಬೇಕು, ಅವರ ನಂತರ ಒಂದಕ್ಷರವೂ ಇರಬಾರದು.

ಮರುದಿನ ಸಾಲೆ ಬಿಟ್ಟ ಕೂಡಲೇ ಪ್ರೆಸ್ಸಿಗೆ ಓಡಿದೆ. ಹಾಳೆಯ ಒಂದು ಬದಿಗೆ ಬರುವ ಎಂಟು ಪುಟಗಳನ್ನು ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿದು, ಕಲ್ಲಿನ ಹಾಸಿನ ಮೇಲೆ ಇಟ್ಟಾಗಿತ್ತು. ಮೊದಲನೆಯ ಪುಟವನ್ನು ಹದಿನಾರನೆಯದಕ್ಕೆ ಒಯ್ಯಬೇಕೆಂದರೆ ಎಲ್ಲ ಬಿಚ್ಚಿ ಮತ್ತೆ ಕಟ್ಟಬೇಕಾದೀತು, ಹುಸೇನಸಾಬರು ಕೈ ಮುಗಿದು ಹೊರಗೆ ಕಳಿಸಿಯಾರು ಎಂದು ಹೆದರುತ್ತಲೇ ವಿಷಯವನ್ನೆಲ್ಲ ಹೇಳಿದೆ. ಅವರು ಬೀಡಿ ಆರಿಸಿ, ನನ್ನನ್ನು ಕಲ್ಲಿನ ಹತ್ತಿರ ಕರೆದು, ಬೆರಳು ಮಾಡಿ ತೋರಿಸಿದರು.

"ಪುಸ್ತಕದಾಗ ಒಂದಕ್ಕೂ ಹದಿನಾರಕ್ಕೂ ಭಾಳ ದೂರ, ಮಾಸ್ತರ. ನನ್ನ ಕಲ್ಲಿನ ಮ್ಯಾಗ ನೋಡ್ರಿ, ಇಬ್ಬರೂ ಮಗ್ಗಲಾ ಮಗ್ಗಲಾ ಅದಾರ. ಎತ್ತಿಡೂದ ತಡ."

ನಿಜವಾಗಿಯೂ ಹಾಗೇ ಇತ್ತು. ದೊಡ್ಡ ಹಾಳೆಯನ್ನು ಅಚ್ಚು ಮಾಡಿ ಮಡಚುವುದರಿಂದ, ಮೊದಲ ಪುಟವೂ ಕೊನೆಯ ಪುಟವೂ ಚೌಕಟ್ಟಿನಲ್ಲಿ ಅಕ್ಕಪಕ್ಕದಲ್ಲೇ ಕೂತಿರುತ್ತವೆ. ಹುಸೇನಸಾಬರು ಬಿಗಿ ಸಡಿಲಿಸಿ, ತುಂಗಾಬಾಯಿಯ ಪುಟವನ್ನು ದಾರದಿಂದ ಕಟ್ಟಿ, ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಈ ಕಡೆಯಿಂದ ಆ ಕಡೆಗೆ ಇಟ್ಟರು. ತಮ್ಮ ಉರ್ದು ಪುಸ್ತಕಗಳು ಆ ಕಡೆಯಿಂದಲೇ ತೆರೆಯುತ್ತವೆ, ಹೀಗಾಗಿ ತಮಗೇನೂ ವಿಚಿತ್ರ ಅನ್ನಿಸುವುದಿಲ್ಲ ಎಂದರು. ಕೊನೆಯ ಪುಟದಲ್ಲಿದ್ದ ತಲೆಯೆಣ್ಣೆಯ ಜಾಹೀರಾತು, ಮೊಣಕಾಲಿನತನಕ ಕೂದಲು ಬಿಟ್ಟ ಹೆಂಗಸಿನ ಚಿತ್ರದ ಸಮೇತ, ಮೊದಲ ಪುಟಕ್ಕೆ ಬಂತು. ಇದು ಚೆನ್ನಾಗಿ ಕಾಣುತ್ತದೆಯೇ ಎಂದು ಅನುಮಾನಿಸಿದೆ. ಬೈಠಕಿಗೆ ಬರುವ ಮೊದಲು ತಲೆ ಬಾಚಿಕೊಂಡು ಬರಬೇಕಲ್ಲವೇ ಎಂದು ಅವರು ನನ್ನ ಬಾಯಿ ಮುಚ್ಚಿಸಿದರು. ಹಿಂದಿನ ರಟ್ಟಿನ ಮೇಲೆ ಅಕ್ಷರವಿಲ್ಲದೆ, ಬಟ್ಟೆಯ ಗವಸಣಿಗೆ ಹಾಕಿ ಗೋಡೆಗೆ ಒರಗಿಸಿದ ತಂಬೂರಿಯ ಚಿತ್ರವೊಂದನ್ನು ಮಾತ್ರ ಬರೆದುಕೊಟ್ಟೆ.

ಇನ್ನು ವಕೀಲರ ಸಹಿ. ಮೊದಲ ಪುಟದ ಎಣ್ಣೆ ನೋಡಿ ಅವರ ಹುಬ್ಬು ಮೇಲೇರಿತು. ಪದ್ಧತಿಯ ಬಗ್ಗೆ ಅವರು ಒಂದು ಭಾಷಣ ಮಾಡಿದರು. ನಾನೂ ಬೈಠಕಿನ ಪದ್ಧತಿಯನ್ನೇ ಹಿಡಿದಿದ್ದೇನೆ ಎಂದಷ್ಟೇ ಹೇಳಿದೆ. ಅವರು ಪುಟ ತಿರುವುತ್ತ ಕಡೆಗೆ ಬಂದರು. ತುಂಗಾಬಾಯಿಯನ್ನು ಅಲ್ಲಿ ಕಂಡದ್ದೇ ಹುಬ್ಬು ಕೆಳಗಿಳಿಯಿತು.

"ಹೆಣ್ಣಮಕ್ಕಳದು ಕೊನೇಕ ಹಾಕೀರಿ. ಈಗ ಬರೋಬ್ಬರಿ ಅದ ನೋಡ್ರಿ."

ಸಹಿ ಹಾಕಿದರು. ನಾನು ತುಟಿ ಕಚ್ಚಿಕೊಂಡು ಮೆಟ್ಟಿಲು ಇಳಿದೆ. ನನ್ನ ಗಂಟಲಿಗೆ ಸೂಟಿ ಸಿಕ್ಕದ್ದು ಅವತ್ತು ಉಪಯೋಗಕ್ಕೆ ಬಂತು.

ಆದರೆ ಒಪ್ಪಬೇಕಾದವರು ಇನ್ನೂ ಒಪ್ಪಿರಲಿಲ್ಲ. ಲಕಮನಹಳ್ಳಿಗೆ ಹೋಗಿ, ತಗದಬಿಡು ಎಂದವರ ಮುಂದೆ ಹೊಸ ಪ್ರೂಫ್ ಇಟ್ಟು ಕೈಕಟ್ಟಿ ನಿಂತೆ. ಅವರು ಬೇಡವೆಂದರೆ ಆ ಪುಟ ಖಾಲಿಯೇ ಹೋಗಬೇಕು, ಭೈರವಿಯೂ ಅವರ ಜೊತೆಗೇ ಹೋಗುತ್ತದೆ. ತುಂಗಾಬಾಯಿ ಅವಸರ ಮಾಡಲಿಲ್ಲ. ಮೊದಲಿನಿಂದ ಶುರು ಮಾಡಿದರು. ಎಣ್ಣೆಯ ಹೆಂಗಸನ್ನು ನೋಡಿ ನಕ್ಕರು. ಸಂಪಾದಕನಾಗಿ ನಾನು ಬರೆದ ಗೋಳು ಓದಿದರು. ತರುಣನ ಪರಿಚಯ ಓದಿ, ಹುಡುಗ ಮುಂದೆ ಬರುತ್ತಾನೆ ಎಂದರು. ಸೊಲ್ಲಾಪುರದವರ ಜೋಡಿ ಪುಟವನ್ನು ದೂರ ಹಿಡಿದು ನೋಡಿದರು. 'ಕಾಯಂ ಓದುಗ' ಯಾರೆಂದು ಕೇಳಿದರು, ನಾನು ತಲೆ ತಗ್ಗಿಸಿದೆ. ಹೀಗೆ ಒಬ್ಬೊಬ್ಬರದೂ ಮುಗಿಯುವತನಕ ಕಾದು ಕಡೆಯ ಪುಟಕ್ಕೆ ಬಂದರು. ಅಲ್ಲಿ ನಿಂತರು.

"ನನ್ನ ಹಿಂದ ಯಾರೂ ಇಲ್ಲೇನು?"

"ಯಾರೂ ಇಲ್ರಿ. ಗವಸಣಿಗಿ ಹಾಕಿದ ತಂಬೂರಿ ಒಂದ ಐತಿ."

ಅವರು ಸ್ವರಲಿಪಿಯ ಮೂರನೆಯ ಸಾಲಿನ ಮೇಲೆ ಬೆರಳಿಟ್ಟು, ಇಲ್ಲಿ ಷಡ್ಜದ ಮೇಲೆ ಚುಕ್ಕಿ ಬಿದ್ದಿಲ್ಲ, ಹಾಕಿಸು ಎಂದರು. ಹೋದ ಸಲವೇ ಕಂಡಿತ್ತಂತೆ, ಸಿಟ್ಟಿನಲ್ಲಿ ಹೇಳಿರಲಿಲ್ಲವಂತೆ. ಆ ಒಂದು ಚುಕ್ಕಿಯನ್ನು ಹುಸೇನಸಾಬರಿಗೆ ಮುಟ್ಟಿಸಲು ನಾನು ಹುಬ್ಬಳ್ಳಿಯತನಕ ಸೈಕಲ್ ತುಳಿದ ರಭಸ ನನ್ನ ಜೀವನದಲ್ಲಿ ಮತ್ತೆಂದೂ ಬರಲಿಲ್ಲ.

ಪತ್ರಿಕೆ ಮುಂದೆ ಮೂರೇ ಸಂಚಿಕೆ ಬದುಕಿತು, ಆ ಮಾತು ಬಿಡಿ. ಮೊದಲನೆಯದು ಬೈಠಕಿನ ದಿನ ಹೊರಬಂತು. ಒಂದು ಹಳೆಯ ವಾಡೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಹಿತ್ತಲಲ್ಲಿ ಗೋಧಿ ಹುಗ್ಗಿ ಬೇಯುತ್ತಿತ್ತು. ವಕೀಲರು ಬಾಗಿಲಲ್ಲೇ ನಿಂತು ಬಂದವರ ಕೈಗೆಲ್ಲ 'ತಂಬೂರಿ' ಕೊಡುತ್ತಿದ್ದರು. ಜನ ಇನ್ನೂ ಬರುತ್ತಲೇ ಇದ್ದರು, ಹೊಸ್ತಿಲಲ್ಲಿ ಚಪ್ಪಲಿಗಳ ರಾಶಿ ಬೆಳೆಯುತ್ತಿತ್ತು. ಅಷ್ಟರಲ್ಲಿ ವಕೀಲರು ಎಂದಿನಂತೆ, ಮೊದಲು ತುಂಗಾಬಾಯಿಯವರು ಹಾಡುತ್ತಾರೆ ಎಂದು ಸಾರಿದರು.

ತುಂಗಾಬಾಯಿ ಕೂತಲ್ಲಿಂದ ಏಳಲಿಲ್ಲ. ಮಡಿಲಲ್ಲಿದ್ದ ಪತ್ರಿಕೆಯನ್ನು ಎತ್ತಿ, ಹಿಂದಿನಿಂದ ತೆರೆದು, ಎಲ್ಲರಿಗೂ ಕಾಣುವ ಹಾಗೆ ಹಿಡಿದರು.

"ನನ್ನ ಪಾಳಿ ಇನ್ನೂ ಬಂದಿಲ್ರಿ ವಕೀಲರ. ಇಲ್ಲೆ ಛಾಪಾ ಆಗೇತಿ ನೋಡ್ರಿ. ನೀವ ಒಪ್ಪಿ ಮಾಡಿಸೀರಿ, ನೀವ ಹಂಚೀರಿ."

ಪಡಸಾಲೆಯ ತುಂಬ ಹಾಳೆ ತಿರುವುವ ಸದ್ದು. ಎಲ್ಲರೂ ಕೊನೆಯ ಪುಟ ತೆಗೆದರು. ಅಲ್ಲಿ ಫೋಟೊ, ಕೆಳಗೆ ಭೈರವಿ. ಅದರ ಅರ್ಥ ಬಿಡಿಸಿ ಹೇಳಬೇಕಾದ ಜನ ಅವರಲ್ಲ. ವಕೀಲರು ನನ್ನ ಕಡೆ ನೋಡಿದರು. ನಾನು ತಂಬೂರಿಯ ಶ್ರುತಿ ಸರಿಮಾಡುವುದರಲ್ಲಿ ಮುಳುಗಿದವನಂತೆ ಬಗ್ಗಿದೆ. ಅತಿಥಿಗಳಿಗೆ ಕೋಪ ಬಂದರೆ ಬೈಠಕು ಅಲ್ಲಿಗೇ ಮುಗಿಯುತ್ತಿತ್ತು. ಸೊಲ್ಲಾಪುರದ ಗಾಯಕರು ಪುಟ ನೋಡಿದರು, ತುಂಗಾಬಾಯಿಯನ್ನು ನೋಡಿದರು, ಎದ್ದು ಬಂದು ಅವರ ಪಾದ ಮುಟ್ಟಿದರು. ಮರಾಠಿ ಬೆರೆತ ಕನ್ನಡದಲ್ಲಿ, ಇಷ್ಟು ಹಿರಿಯರ ನಂತರ ತಾನು ಹಾಡಿದ್ದರೆ ತನ್ನ ಗುರು ತನ್ನನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ ಎಂದರು. ತರುಣ ಮೊದಲು ಹಾಡಿದ, ಆಮೇಲೆ ಅವರು.

ತುಂಗಾಬಾಯಿ ಕೂತಾಗ ಮಧ್ಯಾಹ್ನ ಒಂದು ಗಂಟೆ. ಹುಗ್ಗಿಯ ವಾಸನೆ ಪಡಸಾಲೆಯ ತುಂಬ ಹರಡಿತ್ತು. ಹಸಿದ ಜನ ಎದ್ದು ಹೋಗಲು ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಹಿಂದೆ ಕೂತು ನಾನು ಬಾಗಿಲನ್ನೇ ನೋಡುತ್ತಿದ್ದೆ. ಹತ್ತೊಂಬತ್ತರ ವಯಸ್ಸಿನಲ್ಲಿ ಕಲಿತದ್ದನ್ನು ಎಪ್ಪತ್ತರ ಗಂಟಲಿನಿಂದ ಅವರು ನಿಧಾನವಾಗಿ ಹೊರಗೆ ತೆಗೆದರು. ಧ್ವನಿ ಎರಡು ಕಡೆ ಒಡೆಯಿತು. ಅದನ್ನು ಮುಚ್ಚಿಡಲು ಅವರು ಹೋಗಲಿಲ್ಲ. ಹುಸೇನಸಾಬರು ಕಂಬಕ್ಕೆ ಒರಗಿ ಪತ್ರಿಕೆಯಲ್ಲಿ ಬೆರಳಿಟ್ಟುಕೊಂಡಿದ್ದರು. ಮೂರನೆಯ ಸಾಲಿನ ಆ ಷಡ್ಜ ಬಂದಾಗ ನನ್ನ ಕಡೆ ನೋಡಿ ತಲೆಯಾಡಿಸಿದರು. ತಾಳ ಹಾಕುವುದನ್ನು ಅವರು ಮರೆತದ್ದು ಅವತ್ತು ಮಾತ್ರ.

ಸಂಜೆ ಟಾಂಗಾದಲ್ಲಿ ಲಕಮನಹಳ್ಳಿಯತನಕ ಅವರನ್ನು ಬಿಡಲು ಹೋದೆ. ನಾನು ತೊಡೆಯ ಮೇಲೆ ತಂಬೂರಿ ಇಟ್ಟುಕೊಂಡು ಕೂತಿದ್ದೆ. ಮನೆ ಬಂತು. ಇಳಿದು, ಬಾಗಿಲ ಚಿಲಕ ತೆಗೆದು, ಒಳಗೆ ಕಾಲಿಡುವ ಮೊದಲು ತಿರುಗಿ ನಿಂತರು.

"ಇವತ್ತ ಚಪ್ಪಲಿ ಸಪ್ಪಳ ಕೇಳಲೇ ಇಲ್ಲ ನೋಡು, ತಮ್ಮಾ."